ಒಂದು ವಾರ ಟೈಮ್ ಕೊಡಿ, ಮೇಡಮ್

4.8 ಮಿಲಿಮೀಟರ್. ನನ್ನ ತಮ್ಮನ ಹೆಂಡತಿಯ ಮೊದಲ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿದ್ದ ಅಂಕಿ ಇದು. ಇದರ ಅರ್ಥ ಏನು ಅಂತ ಆವತ್ತು ಯಾರೂ ಹೇಳಲಿಲ್ಲ. "ಬೆಳವಣಿಗೆ ಇಲ್ಲ, ಹಾರ್ಟ್‌ಬೀಟ್ ಇಲ್ಲ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಬನ್ನಿ, ಕ್ಲೀನ್ ಮಾಡೋಣ" ಅಂದರು, ಅಷ್ಟೇ. ಆ ಮಾತು ಬಾಯಿಂದ ಬರುವ ಹೊತ್ತಿಗೆ ಮುಂದಿನ ಪೇಷೆಂಟ್ ಹೆಸರು ಕೂಗಿ ಆಗಿತ್ತು.

ನಾನು ಶ್ರೀರಂಗಪಟ್ಟಣ ಕಡೆ ಹಳ್ಳಿಯೊಂದರ ಮಹಿಳಾ ಡೇರಿಯಲ್ಲಿ ಸೆಕ್ರೆಟರಿ. ಬೆಳಿಗ್ಗೆ, ಸಂಜೆ ಹಾಲು ಅಳೆಯೋದು, ಫ್ಯಾಟ್ ನೋಡೋದು, ಪುಸ್ತಕದಲ್ಲಿ ಬರೆಯೋದು ನನ್ನ ಕೆಲಸ. ನರ್ಸ್ ಅಲ್ಲ, ಆಶಾ ಕಾರ್ಯಕರ್ತೆಯೂ ಅಲ್ಲ. ತಮ್ಮನ ಮನೆ ಪಾಂಡವಪುರ ತಾಲೂಕಿನಲ್ಲಿ. ಅವನು ದಿನಾ ಬೆಳಗಿನ ಟ್ರೈನ್ ಹತ್ತಿ ಬೆಂಗಳೂರಿಗೆ ಹೋಗಿ, ರಾತ್ರಿ ಊಟದ ಹೊತ್ತಿಗೆ ಬರುವವನು. ಹಾಗಾಗಿ ಸುಮಾ ಜೊತೆ ಆಸ್ಪತ್ರೆಗೆ ಓಡಾಡಿದ್ದು ನಾನೇ. ಸುಮಾ ಅನ್ನೋದು ಅವಳ ನಿಜವಾದ ಹೆಸರಲ್ಲ. ಬರೆಯೋಕೆ ಅವಳೇ ಹೇಳಿದ್ದು, ಬರೆದ ಮೇಲೆ ಓದಿಯೂ ನೋಡಿದ್ದಾಳೆ.

ಅವಳಿಗೆ ಮೊದಲನೇ ಬಸುರು. ಮುಟ್ಟು ನಿಂತ ಮೇಲೆ ಮೆಡಿಕಲ್ ಶಾಪಿನ ಕಿಟ್‌ನಲ್ಲಿ ಎರಡು ಗೆರೆ ಬಂತು. ಆಶಾ ಬಂದು ಹೆಸರು ಬರೆದುಕೊಂಡರು, ತಾಯಿ ಕಾರ್ಡ್ ಆಯಿತು, ರಕ್ತ ಪರೀಕ್ಷೆ ಆಯಿತು, ಫೋಲಿಕ್ ಆಸಿಡ್ ಮಾತ್ರೆ ಶುರುವಾಯಿತು. ಸ್ವಲ್ಪ ದಿನದಲ್ಲೇ ಒಳ ಉಡುಪಿನಲ್ಲಿ ಕಂದು ಕಲೆ. ಮಾರನೇ ದಿನ ಕೆಂಪು. ನನಗೆ ಫೋನ್ ಮಾಡಿದಾಗ ಅವಳು ಹೇಳಿದ್ದು ಇಷ್ಟೇ: "ಅಕ್ಕ, ಅತ್ತೆಗೆ ಇನ್ನೂ ಹೇಳಿಲ್ಲ."

ಅತ್ತೆ ಅಂದರೆ ನನ್ನ ಅಮ್ಮ. ಆ ಕಥೆ ಆಮೇಲೆ.

ಮಂಡ್ಯದ ನರ್ಸಿಂಗ್ ಹೋಮ್ ಒಂದಕ್ಕೆ ಹೋದೆವು. ಸ್ಕ್ಯಾನಿಂಗ್‌ಗೆ ಆಧಾರ್ ಕೇಳಿದರು, ಫಾರ್ಮ್ ತುಂಬಿಸಿದರು, ಸಹಿ ಹಾಕಿಸಿಕೊಂಡರು. 2023ರ ಕೊನೆಯಲ್ಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ದಂಧೆ ಬಯಲಾಯ್ತಲ್ಲ, ಅದಾದ ಮೇಲೆ ಇದೆಲ್ಲಾ ಬಿಗಿ. ಇರಲಿ, ಒಳ್ಳೆಯದೇ. ಆದರೆ ಇಷ್ಟೆಲ್ಲಾ ಬರೆದುಕೊಂಡವರು ಒಂದು ಪ್ರಶ್ನೆ ಕೇಳಲಿಲ್ಲ: "ನಿಂಗೆ ಮುಟ್ಟು ಎಷ್ಟು ದಿನಕ್ಕೊಮ್ಮೆ ಆಗುತ್ತಮ್ಮಾ?" ಕೊನೆಯ ಮುಟ್ಟಿನ ತಾರೀಕು ಕೇಳಿದರು, ಲೆಕ್ಕ ಹಾಕಿ ಏಳು ವಾರ ದಾಟಿದೆ ಅಂದರು. ಏಳು ವಾರಕ್ಕೆ ಹಾರ್ಟ್‌ಬೀಟ್ ಕಾಣಬೇಕು, ಕಾಣ್ತಿಲ್ಲ, ಆದ್ದರಿಂದ ಹೋಗಿದೆ. ಇದು ಅವರ ತೀರ್ಮಾನ.

ಸುಮಾ ಟೇಬಲ್ ಮೇಲಿಂದ ಎದ್ದು ಕೂತು, ಸೆರಗು ಸರಿ ಮಾಡಿಕೊಳ್ಳುತ್ತಾ, "ಇನ್ನೊಂದ್ಸಲ ಸ್ಕ್ಯಾನ್ ಮಾಡಿ ನೋಡಬಹುದಾ ಮೇಡಮ್?" ಅಂದಳು. ಡಾಕ್ಟರ್ ತಲೆ ಎತ್ತಿ, "ಎಷ್ಟು ಓದಿದ್ದೀಯಮ್ಮಾ?" ಅಂದರು. ಪಿಯುಸಿ ಅಂದಳು. "ಮೊಬೈಲ್ ನೋಡ್ಕೊಂಡು ಬಂದು ನಮಗೆ ಹೇಳಿಕೊಡಬೇಡ. ನೀನು ಡಾಕ್ಟ್ರಾ, ನಾನು ಡಾಕ್ಟ್ರಾ?" ಅಂದರು. ಪಕ್ಕದಲ್ಲಿ ನಿಂತಿದ್ದ ಸಿಸ್ಟರ್ ನಕ್ಕಳು. ಸುಮಾ ಆಮೇಲೆ ಬಾಯಿ ಬಿಡಲಿಲ್ಲ.

ಇಂಥ ಕಡೆ ಜೊತೆಗೆ ಹೋದವರ ಕೆಲಸ ಏನು? ಜಗಳ ಆಡೋದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನ್ನ ತಮ್ಮನೂ ಅದೇ ಗುಂಪು. ಅವನು ಬಂದಿದ್ದರೆ ಆವತ್ತು ಟೇಬಲ್ ಗುದ್ದುತ್ತಿದ್ದ, ನಮ್ಮನ್ನು ಹೊರಗೆ ಕಳಿಸುತ್ತಿದ್ದರು, ರಿಪೋರ್ಟೂ ಕೈಗೆ ಸಿಗುತ್ತಿರಲಿಲ್ಲ. ಡೇರಿಯಲ್ಲಿ ಫ್ಯಾಟ್ ಕಮ್ಮಿ ಬಂತು ಅಂತ ಕೂಗಾಡುವವರನ್ನು ದಿನಾ ನೋಡುತ್ತೇನೆ. ಕೂಗಾಡಿದವರಿಗೆ ಏನೂ ಸಿಗಲ್ಲ. "ಇನ್ನೊಂದ್ಸಲ ಟೆಸ್ಟ್ ಮಾಡಿ ತೋರಿಸಿ" ಅಂತ ಮೆಲ್ಲಗೆ ಹೇಳಿ ಅಲ್ಲೇ ನಿಂತವರಿಗೆ ಮಾಡಿ ತೋರಿಸಲೇಬೇಕು.

ನಾನು ನಿಂತೆ. ಮೂರು ಮಾತು ಕೇಳಿದೆ, ಒಂದಾದ ಮೇಲೊಂದು. "ಮೇಡಮ್, ನಾಳೆನೇ ಮಾಡಿಸದೇ ಇದ್ರೆ ಇವಳ ಜೀವಕ್ಕೆ ಏನಾದರೂ ಅಪಾಯ ಇದೆಯಾ?" ಅವರು, "ಅಪಾಯ ಅಂತ ಏನಿಲ್ಲ" ಅಂದರು. "ಹಾಗಾದ್ರೆ ಒಂದು ವಾರ ಟೈಮ್ ಕೊಡಿ ಮೇಡಮ್. ಆ ವಾರದಲ್ಲಿ ಏನೇನಾದರೆ ನಾವು ಓಡಿ ಬರಬೇಕು?" ಅದಕ್ಕೆ ಸ್ವಲ್ಪ ಸಿಡುಕಿನಿಂದಲೇ, ಜಾಸ್ತಿ ರಕ್ತ ಹೋದರೆ, ಜ್ವರ ಬಂದರೆ ಅಂದರು. "ಅದನ್ನೇ ಚೀಟಿಲಿ ಬರೆದು ಕೊಡ್ತೀರಾ?" ಬರೆದು ಕೊಟ್ಟರು. ಅಕ್ಷರ ಓದೋಕೆ ಆಗಲ್ಲ, ಆದರೆ ಬರೆದರು. ಅಪಾಯ ಇದೆ ಅಂತ ಹೇಳಿದ್ದರೆ ಅಲ್ಲೇ ಅಡ್ಮಿಟ್ ಮಾಡಿಸುತ್ತಿದ್ದೆ. ಈ ಮೊದಲನೇ ಪ್ರಶ್ನೆಯನ್ನು ಯಾರೂ ಬಿಡಬಾರದು. ಎಲ್ಲಾ ಸಲವೂ ಕಾಯಬಹುದು ಅಂತ ಇಲ್ಲ.

ಆ ಡಾಕ್ಟರ್ ದುಡ್ಡಿಗೋಸ್ಕರ ಹಾಗೆ ಹೇಳಿದರು ಅಂತ ತಮ್ಮ ಇವತ್ತಿಗೂ ವಾದ ಮಾಡುತ್ತಾನೆ. ಹೊರಗೆ ಬೆಂಚಿನ ತುಂಬಾ ಜನ ಇದ್ದರು, ಬೆಳಿಗ್ಗೆಯಿಂದ ಕೂತಲ್ಲೇ ಕೂತು ಅವರಿಗೂ ಸಾಕಾಗಿರಬಹುದು. ಯಾವುದು ನಿಜವೋ. ಅವರ ಮನಸ್ಸಿನಲ್ಲಿ ಏನಿತ್ತು ಅಂತ ತಿಳ್ಕೊಂಡು ನನಗೆ ಆಗಬೇಕಾದ್ದು ಏನೂ ಇರಲಿಲ್ಲ. ನನಗೆ ಬೇಕಾಗಿದ್ದು ಒಂದು ವಾರ ಮತ್ತು ರಿಪೋರ್ಟು.

ಆ ರಿಪೋರ್ಟು ಸುಲಭವಾಗಿ ಕೈಗೆ ಬರಲಿಲ್ಲ. ಕೌಂಟರಿನ ಹುಡುಗಿ, "ನಾಳೆ ಅಡ್ಮಿಷನ್ ಆಗ್ತೀರಲ್ಲ, ಫೈಲಲ್ಲೇ ಇರುತ್ತೆ" ಅಂದಳು. ನಾಳೆ ಬರಲ್ಲಮ್ಮಾ ಅಂದೆ. "ಹಾಗಾದ್ರೆ ಮೇಡಮ್ ಕೇಳ್ಬೇಕು." ಮೇಡಮ್ ಆಪರೇಷನ್ ಥಿಯೇಟರ್‌ಗೆ ಹೋಗಿದ್ದರು. ನಾನು ಬ್ಯಾಗಿನಿಂದ ಒಂದು ಬಿಳಿ ಹಾಳೆ ತೆಗೆದು, ಕೌಂಟರ್ ಮೇಲೇ ಇಟ್ಟು ಅರ್ಜಿ ಬರೆದೆ. ಇಂಥ ದಿನ, ಇಂಥವರ ಸ್ಕ್ಯಾನಿಂಗ್ ರಿಪೋರ್ಟು, ಫಿಲ್ಮು, ಔಷಧಿ ಚೀಟಿ ಕೊಡಬೇಕು ಅಂತ. ಕೆಳಗೆ ಸಹಿ ಹಾಕಿ, "ತಗೊಂಡಿದ್ದಕ್ಕೆ ಸೀಲ್ ಹಾಕಿ ಒಂದು ಜೆರಾಕ್ಸ್ ಕೊಡಮ್ಮಾ" ಅಂದೆ. ಸೀಲ್ ಅನ್ನೋ ಮಾತು ಕೇಳಿದ ತಕ್ಷಣ ಅವಳು ಒಳಗೆ ಹೋದಳು. ನಾವು ಎದುರುಗಡೆ ಟೀ ಕುಡಿದು ಬರುವಷ್ಟರಲ್ಲಿ ಕವರ್ ರೆಡಿ ಇತ್ತು. ರೋಗಿ ಕೇಳಿದ 72 ಗಂಟೆ ಒಳಗೆ ದಾಖಲೆ ಕೊಡಬೇಕು ಅಂತ ವೈದ್ಯರ ನಡವಳಿಕೆಯ 2002ರ ನಿಯಮದಲ್ಲೇ ಇದೆ. ನನಗೆ ಅದು ಆಮೇಲೆ ತಿಳಿಯಿತು. ಆವತ್ತು ಕೆಲಸ ಮಾಡಿದ್ದು ಡೇರಿ ಸೊಸೈಟಿಯಲ್ಲಿ ಕಲಿತ ಅರ್ಜಿ, ಸೀಲಿನ ಅಭ್ಯಾಸ.

ಬಸ್ಸಿನಲ್ಲಿ ಸುಮಾ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ನಾನೇನೂ ಹೇಳಲಿಲ್ಲ. "ಏನೂ ಆಗಲ್ಲ ಬಿಡು" ಅಂತ ಹೇಳೋಕೆ ನನಗೇನು ಗೊತ್ತು? ಇಳಿಯುವಾಗ ಅವಳೇ ಕೇಳಿದಳು: "ಅಕ್ಕ, ನಂಗೆ ಮುಟ್ಟು ನಲವತ್ತು ದಿನಕ್ಕೊಂದ್ಸಲ ಆಗೋದು. ಅದನ್ನ ಹೇಳ್ಬೇಕಿತ್ತಾ?"

ಅದೇ ಮುಖ್ಯ ಅಂತ ನಮ್ಮ ಸಬ್‌ಸೆಂಟರಿನ ಎಎನ್‌ಎಂ ಸಿಸ್ಟರ್ ರಾತ್ರಿ ಫೋನಿನಲ್ಲಿ ಹೇಳಿದರು. ವಾರದ ಲೆಕ್ಕ ಹಾಕೋದು ಇಪ್ಪತ್ತೆಂಟು ದಿನಕ್ಕೆ ಮುಟ್ಟಾಗುವವರನ್ನು ಇಟ್ಟುಕೊಂಡು. ನಲವತ್ತು ದಿನದವಳಿಗೆ ಬಸುರು ನಿಲ್ಲೋದೇ ಸುಮಾರು ಹನ್ನೆರಡು ದಿನ ತಡ. ಕಾಗದದ ಮೇಲೆ ಏಳು ವಾರ ದಾಟಿದ್ದರೆ ಹೊಟ್ಟೆಯಲ್ಲಿ ಆರು ವಾರ ಇರಬಹುದು. ಆರು ವಾರದ ಹೊತ್ತಿಗೆ ಹಾರ್ಟ್‌ಬೀಟ್ ಕೆಲವರಿಗೆ ಕಾಣುತ್ತೆ, ಕೆಲವರಿಗೆ ಇನ್ನೂ ಕಾಣಲ್ಲ.

ಇಲ್ಲಿ ಅಮ್ಮನ ಕಥೆ. ಅವತ್ತು ಸಂಜೆ ಹೇಳಲೇಬೇಕಾಯಿತು. ಅಮ್ಮನ ಮೊದಲ ಪ್ರಶ್ನೆ: "ಪರಂಗಿ ಹಣ್ಣು ಏನಾರ ತಿಂದ್ಲಾ?" ಎರಡನೇದು: "ಆ ಗಾರ್ಮೆಂಟ್ಸ್ ವ್ಯಾನಲ್ಲಿ ಕುಲುಕಾಡ್ಕೊಂಡು ಹೋಗ್ಬೇಡ ಅಂತ ನಾ ಹೇಳ್ಲಿಲ್ವಾ?" ಮೂರನೇ ಪ್ರಶ್ನೆಗೆ ನಾನು ಅವಕಾಶ ಕೊಡಲಿಲ್ಲ. ಅಮ್ಮನನ್ನು ಹಿತ್ತಲಿಗೆ ಕರ್ಕೊಂಡು ಹೋಗಿ, "ಈ ಮಾತು ಇನ್ನೊಂದ್ಸಲ ಅವಳ ಕಿವಿಗೆ ಬಿದ್ರೆ ನಾನು ಅವಳನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ" ಅಂದೆ. ಅಮ್ಮನಿಗೆ ಸಿಟ್ಟು ಬಂತು. "ನಾವು ಕಬ್ಬಿನ ಗದ್ದೇಲಿ ಕಳೆ ಕೀಳ್ತಾನೇ ಹೆತ್ತಿಲ್ವಾ" ಅಂತ ಗೊಣಗಿದರು. ಹಾಗೆ ಹೆತ್ತವರೇ ವ್ಯಾನಿನ ಕುಲುಕಾಟಕ್ಕೆ ಬಸುರು ಹೋಗುತ್ತೆ ಅಂತ ಹೇಗೆ ನಂಬುತ್ತಾರೋ!

ಬೈದು ಸುಮ್ಮನಿರಿಸೋದಕ್ಕಿಂತ ಒಂದು ಕೆಲಸ ಕೊಡೋದು ವಾಸಿ ಅಂತ ನನಗೆ ಹೊಳೆದದ್ದು ಮಾರನೇ ದಿನ. ಅಕ್ಕಪಕ್ಕದವರು ಬಂದು ನೋಡೋಕೆ ಶುರು ಮಾಡಿದ್ದರು. "ಅಮ್ಮ, ನಿನ್ನ ಕೆಲಸ ಬಾಗಿಲು ಕಾಯೋದು. ಯಾರೂ ರೂಮಿಗೆ ಹೋಗಬಾರದು" ಅಂದೆ. ನಮ್ಮಮ್ಮನಿಗೆ ಇದಕ್ಕಿಂತ ಒಪ್ಪುವ ಕೆಲಸ ಇಲ್ಲ. ಜಗಲಿ ಮೇಲೆ ಕೂತು, ಸೊಪ್ಪು ಬಿಡಿಸುತ್ತಾ, ಬಂದವರನ್ನೆಲ್ಲ ಅಲ್ಲಿಂದಲೇ ಮಾತಾಡಿಸಿ ಕಳಿಸಿದರು. ತಮ್ಮನಿಗೂ ಒಂದು ಕೆಲಸ. ಅವನು ಟ್ರೈನಿನಲ್ಲಿ ಕೂತು ಸಿಕ್ಕ ಸಿಕ್ಕ ವಿಡಿಯೋ ನೋಡಿ ಹೆಂಡತಿಗೆ ಕಳಿಸುತ್ತಿದ್ದ. ಅದನ್ನು ನಿಲ್ಲಿಸಿ, ನಮ್ಮೂರಿನ ಆಟೋದವರು, ಕಾರು ಇರುವ ನೆಂಟರು, ರಾತ್ರಿ ಯಾರು ಫೋನ್ ಎತ್ತುತ್ತಾರೆ ಅಂತ ವಿಚಾರಿಸಿ ನಂಬರ್ ಬರೆದು ಗೋಡೆಗೆ ಅಂಟಿಸು ಅಂದೆ. 108 ಅಂತೂ ಇದ್ದೇ ಇದೆ. ಆದರೆ ಹಳ್ಳಿಯಲ್ಲಿ ರಾತ್ರಿ ಹೊತ್ತು ಒಂದೇ ದಾರಿ ನಂಬಿಕೊಂಡು ಕೂರಬಾರದು.

ನಾನು ಒಂದು ನೋಟ್ ಬುಕ್ ಇಟ್ಟೆ. ಹಾಲಿನ ಪುಸ್ತಕದ ಥರವೇ ಗೆರೆ ಎಳೆದು ಮನೆ ಮಾಡಿದೆ. ತಾರೀಕು, ಹೊತ್ತು, ಪ್ಯಾಡ್ ಎಷ್ಟು, ಬಣ್ಣ ಕಂದೋ ಕೆಂಪೋ, ಗಡ್ಡೆ ಇತ್ತಾ, ನೋವು ಎಲ್ಲಿ. ಮೊದಲು ಸುಮಾಗೆ ನಾಚಿಕೆ ಆಯಿತು. ಆಮೇಲೆ ಅವಳೇ ಬರೆಯೋಕೆ ಶುರು ಮಾಡಿದಳು. ಪ್ರತಿ ಸಲ ಬಾತ್‌ರೂಮಿನಿಂದ ಬಂದಾಗ ಹೆದರಿ ಕೂರುವ ಬದಲು ಒಂದು ಸಾಲು ಬರೆಯೋದು. ಎರಡು ಗಂಟೆ ಕಾಲ, ಗಂಟೆಗೆ ಒಂದು ಪ್ಯಾಡ್ ಪೂರ್ತಿ ನೆಂದರೆ ಆಸ್ಪತ್ರೆಗೆ. ತಲೆ ಸುತ್ತಿ ಬಿದ್ದರೆ, ಒಂದೇ ಕಡೆ ಹೊಟ್ಟೆ ಚುಚ್ಚಿದ ಹಾಗಾದರೆ, ಭುಜದ ತುದಿ ನೋಯ್ದರೆ, ಜ್ವರ ಬಂದರೆ, ಕೆಟ್ಟ ವಾಸನೆ ಇದ್ದರೆ ಕಾಯೋದೇ ಬೇಡ. ಭುಜದ ನೋವು ಯಾಕೆ ಅಂತ ಕೇಳುತ್ತೀರಾ? ಬಸುರು ಗರ್ಭಕೋಶ ಬಿಟ್ಟು ನಾಳದಲ್ಲಿ ನಿಂತು, ಅದು ಒಡೆದು ಹೊಟ್ಟೆಯೊಳಗೆ ರಕ್ತ ಸೋರಿದಾಗ ಭುಜ ನೋಯುತ್ತಂತೆ. ಸ್ಕ್ಯಾನಿಂಗ್ ಇನ್ನೂ ಆಗದವರಿಗೆ, ಬಸುರು ಎಲ್ಲಿದೆ ಅಂತಲೇ ಗೊತ್ತಿಲ್ಲದವರಿಗೆ, ಇದು ಜೀವದ ಪ್ರಶ್ನೆ. ಸುಮಾಗೆ ಭ್ರೂಣ ಬೆಳೆಯುವ ಚೀಲ ಗರ್ಭಕೋಶದ ಒಳಗೇ ಕಂಡಿತ್ತು. ಹಾಗಾಗಿ ನಾವು ಕಾಯಬಹುದಿತ್ತು.

ಇನ್ನೊಬ್ಬರ ಅಭಿಪ್ರಾಯ ಕೇಳೋಕೆ ಮೈಸೂರಿಗೆ ಹೋದೆವು. ಪಾಂಡವಪುರ ಸ್ಟೇಷನ್ನಿನಲ್ಲಿ ಟ್ರೈನ್ ಹತ್ತಿದರೆ ಕುಲುಕಾಟ ಕಮ್ಮಿ ಅಂತ ಅಮ್ಮನಿಗೂ ಸಮಾಧಾನ. ನೆಂಟರೊಬ್ಬರು ಹೇಳಿದ ವಯಸ್ಸಾದ ಡಾಕ್ಟರಮ್ಮ. ಅವರು ನನ್ನ ಕಡೆ ನೋಡಲೇ ಇಲ್ಲ. ಕುರ್ಚಿ ಸುಮಾ ಕಡೆ ತಿರುಗಿಸಿ, "ನೀನು ಹೇಳಮ್ಮಾ" ಅಂದರು. ನಾನು ಬಾಯಿ ಹಾಕೋಕೆ ಹೋದಾಗ ಕೈ ತೋರಿಸಿ ನಿಲ್ಲಿಸಿದರು. ನನಗೆ ಸಂತೋಷವಾಯಿತು. ಮುಟ್ಟಿನ ಲೆಕ್ಕ ಕೇಳಿದರು, ನೋಟ್ ಬುಕ್ ತಿರುವಿ ನೋಡಿದರು, ತಾಯಿ ಕಾರ್ಡ್ ನೋಡಿ "ಓ ನೆಗೆಟಿವ್" ಅಂತ ಚೀಟಿಯ ಮೇಲೆ ದೊಡ್ಡದಾಗಿ ಬರೆದು ಸುತ್ತು ಹಾಕಿದರು. ಮೊದಲನೇ ಕಡೆ ಆ ಕಾರ್ಡನ್ನು ಯಾರೂ ಬಿಚ್ಚಿಯೇ ಇರಲಿಲ್ಲ.

4.8ರ ಅರ್ಥ ಅವತ್ತು ತಿಳಿಯಿತು. ಅದು ಭ್ರೂಣದ ಉದ್ದ. ಒಳಗಿನಿಂದ ಮಾಡುವ ಸ್ಕ್ಯಾನಿಂಗಿನಲ್ಲಿ ಈ ಉದ್ದ 7 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಇದ್ದು, ಆಗಲೂ ಹಾರ್ಟ್‌ಬೀಟ್ ಇಲ್ಲ ಅಂದರೆ ಬಸುರು ನಿಂತುಹೋಗಿದೆ ಅಂತ ಹೇಳಬಹುದು. ಭ್ರೂಣವೇ ಕಾಣದೆ ಬರೀ ಚೀಲ ಇದ್ದರೆ ಆ ಚೀಲ 25 ಮಿ.ಮೀ. ಆಗಿರಬೇಕು. ಅದಕ್ಕಿಂತ ಕಮ್ಮಿ ಇದ್ದರೆ ಹೇಳೋಕಾಗಲ್ಲ, ಕಡೇ ಪಕ್ಷ ಒಂದು ವಾರ ಬಿಟ್ಟು ಮತ್ತೆ ನೋಡಬೇಕು. ಸುಮಾಗೆ ಮಂಡ್ಯದಲ್ಲಿ ಮಾಡಿದ್ದು ಹೊಟ್ಟೆ ಮೇಲಿನ ಸ್ಕ್ಯಾನಿಂಗ್. ಇಷ್ಟು ಬೇಗ ಅದರಲ್ಲಿ ಸ್ಪಷ್ಟವಾಗಿ ಕಾಣೋದು ಕಷ್ಟ. ಡಾಕ್ಟರಮ್ಮ ಒಳಗಿನಿಂದ ಸ್ಕ್ಯಾನಿಂಗ್ ಮಾಡಿ, 5.3 ಇದೆ, ಹಾರ್ಟ್‌ಬೀಟ್ ಕಾಣ್ತಿಲ್ಲ, ಅಂದರು. ಸ್ಕ್ರೀನ್ ಸುಮಾ ಕಡೆ ತಿರುಗಿಸಿ ತೋರಿಸಿದರು.

"ನನಗೆ ಒಳ್ಳೇದು ಅನ್ನಿಸ್ತಿಲ್ಲಮ್ಮಾ. ಆದ್ರೆ ಅನ್ನಿಸೋದು ಬೇರೆ, ಗೊತ್ತಾಗೋದು ಬೇರೆ. ಒಂದು ವಾರ ಬಿಟ್ಟು ಬಾ" ಅಂದರು.

ಅಷ್ಟೇ ಮಾತು. ಮೊದಲನೇ ಡಾಕ್ಟರ್ ಹೇಳಿದ್ದಕ್ಕಿಂತ ಹೆಚ್ಚು ಆಸೆಯನ್ನೇನೂ ಇವರು ಕೊಡಲಿಲ್ಲ. ಆದರೂ ಸುಮಾ ಹೊರಗೆ ಬಂದು, "ಹಸಿವಾಗ್ತಿದೆ ಅಕ್ಕ" ಅಂದಳು. ಹೋಟೆಲಿಗೆ ಹೋಗಿ ಸೆಟ್ ದೋಸೆ ತಿಂದೆವು. ನನ್ನ ಪ್ಲೇಟಿನಲ್ಲಿದ್ದ ಒಂದು ದೋಸೆಯನ್ನೂ ಅವಳೇ ಎತ್ತಿಕೊಂಡಳು.

ಮಲಗಿಕೊಂಡೇ ಇರಬೇಕಾ ಅಂತ ನಾನು ಕೇಳಿದ್ದೆ. ಬೇಡ ಅಂದರು. ಹಾಸಿಗೆ ಹಿಡಿದು ಮಲಗಿದರೆ ಬಸುರು ಉಳಿಯುತ್ತೆ ಅನ್ನೋದಕ್ಕೆ ಆಧಾರ ಇಲ್ಲವಂತೆ. ಭಾರ ಎತ್ತಬೇಡ, ಸುಸ್ತಾದರೆ ಮಲಗು, ಅಷ್ಟೇ. "ನಿಲ್ಲೋಕೆ ಇಂಜೆಕ್ಷನ್ ಕೊಡಿಸಿ" ಅಂತ ಅಮ್ಮ ಹೇಳಿ ಕಳಿಸಿದ್ದರು. ಪ್ರೊಜೆಸ್ಟೆರಾನ್ ಹಾರ್ಮೋನ್ ಬಗ್ಗೆ ಅವರು ಹೇಳಿದ್ದು ಹೀಗೆ: ಹಿಂದೆ ಬಸುರು ಹೋಗಿದ್ದು, ಈಗ ಮತ್ತೆ ರಕ್ತ ಕಾಣುತ್ತಿರುವವರಿಗೆ ಅದರಿಂದ ಸ್ವಲ್ಪ ಉಪಯೋಗ ಕಂಡಿದೆ, ಮೊದಲನೇ ಬಸುರಿನವರಿಗೆ ಅಷ್ಟು ಸ್ಪಷ್ಟವಿಲ್ಲ. ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ರಕ್ತ ಕಾಣುತ್ತೆ, ಅದರಲ್ಲಿ ಎಷ್ಟೋ ಜನಕ್ಕೆ ಮಗು ಚೆನ್ನಾಗಿಯೇ ಆಗುತ್ತೆ. ಬೇಗ ಹೋಗುವ ಬಸುರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ವರ್ಣತಂತುವಿನ ತೊಂದರೆಯಿಂದ ಹೋಗುವಂಥವು. ಅಂದರೆ ಬೀಜ ಕೂಡುವಾಗಲೇ ಆದ ವ್ಯತ್ಯಾಸ. ಪರಂಗಿ ಹಣ್ಣಿಗೂ ವ್ಯಾನಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಇದನ್ನು ಅಮ್ಮನಿಗೆ ಡಾಕ್ಟರ್ ಬಾಯಲ್ಲೇ ಹೇಳಿಸಬೇಕು ಅಂತ ಮುಂದಿನ ಸಲ ಅಮ್ಮನನ್ನೂ ಕರ್ಕೊಂಡು ಹೋದೆ. ಮಗಳು ಹೇಳಿದರೆ ವಾದ, ಡಾಕ್ಟರ್ ಹೇಳಿದರೆ ವೇದ!

ಮುಂದಿನ ಸಲದ ಸ್ಕ್ಯಾನಿಂಗಿನಲ್ಲಿ ಅದೇ 5.3. ಬೆಳೆದಿರಲಿಲ್ಲ. ಹಾರ್ಟ್‌ಬೀಟ್ ಇರಲಿಲ್ಲ.

ಅಂದರೆ ಮೊದಲನೇ ಡಾಕ್ಟರ್ ಹೇಳಿದ್ದೇ ಆಯಿತು. "ಹಾಗಾದ್ರೆ ಇಷ್ಟು ದಿನ ಕಾದಿದ್ದು ಯಾಕೆ? ಅವತ್ತೇ ಮುಗಿಸಿದ್ರೆ ಆಗ್ತಿತ್ತಲ್ವಾ?" ಅಂತ ನೆಂಟರೊಬ್ಬರು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಸುಮಾ ಕೊಟ್ಟಳು: "ಅವತ್ತೇ ಮಾಡಿಸಿದ್ರೆ, ಅದು ಇತ್ತೇನೋ ಅಂತ ನಾನು ಜೀವನ ಪೂರ್ತಿ ಅಂದ್ಕೊಳ್ತಿದ್ದೆ ದೊಡ್ಡಮ್ಮ."

ಡಾಕ್ಟರಮ್ಮ ಮೂರು ದಾರಿ ಮುಂದಿಟ್ಟರು. ತಾನಾಗಿ ಆಗುವ ತನಕ ಕಾಯೋದು. ಮಾತ್ರೆ ತಗೊಳ್ಳೋದು. ಇಲ್ಲ, ಆಸ್ಪತ್ರೆಯಲ್ಲಿ ತೆಗೆಸೋದು. ತೆಗೆಯೋದಾದರೂ ಹಳೇ ಕಾಲದ ಹಾಗೆ ಕೆರೆದು ತೆಗೆಯಬೇಕಾಗಿಲ್ಲ, ಗಾಳಿಯ ಒತ್ತಡದಿಂದ ಎಳೆಯುವ ಸಲಕರಣೆ ಇದೆ, ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಅದನ್ನೇ, ಅಂದರು. ಯಾವುದರಲ್ಲಿ ಎಷ್ಟು ನೋವು, ಯಾವುದಕ್ಕೆ ಎಷ್ಟು ದಿನ, ಯಾವುದು ಅರ್ಧಕ್ಕೆ ನಿಂತು ಮತ್ತೆ ಆಸ್ಪತ್ರೆಗೆ ಬರಬೇಕಾಗಬಹುದು ಅಂತ ಬಿಡಿಸಿ ಹೇಳಿದರು. ಅಮ್ಮ ತೆಗೆಸಿಬಿಡಿ ಅಂದರು. ತಮ್ಮ ಫೋನಿನಲ್ಲಿ ಕಾಯೋಣ ಅಂದ. ಡಾಕ್ಟರಮ್ಮ, "ಹೊಟ್ಟೆ ಯಾರದ್ದು?" ಅಂತ ಕೇಳಿ ಇಬ್ಬರನ್ನೂ ಸುಮ್ಮನಿರಿಸಿದರು. ಸುಮಾ ಮಾತ್ರೆ ಅಂದಳು.

ಈ ಮಾತ್ರೆ ಡಾಕ್ಟರ್ ಕೈಯಲ್ಲೇ ತಗೋಬೇಕು. ಮೆಡಿಕಲ್ ಶಾಪಿನವನನ್ನು ಕೇಳಿ ತರುವಂಥದ್ದಲ್ಲ. ಹಳ್ಳಿಯಿಂದ ಆಸ್ಪತ್ರೆ ದೂರ, ರಾತ್ರಿ ರಕ್ತ ಜಾಸ್ತಿ ಹೋದರೆ ಕಷ್ಟ, ಮೈಸೂರಿನಲ್ಲೇ ಇರಿ ಅಂದರು. ಕೆ.ಆರ್. ಆಸ್ಪತ್ರೆ ಪಕ್ಕದ ಚೆಲುವಾಂಬ ಆಸ್ಪತ್ರೆ ರಾತ್ರಿಯೂ ತೆಗೆದಿರುತ್ತೆ, ಅಲ್ಲಿಗೆ ಆಟೋದಲ್ಲಿ ಬೇಗ ಹೋಗಬಹುದಾದ ಮನೆ ನೋಡಿಕೊಳ್ಳಿ ಅಂತಲೂ ಹೇಳಿದರು. ನನ್ನ ಗೆಳತಿಯೊಬ್ಬಳ ಮನೆ ಸಿಕ್ಕಿತು. ಅವಳು ಒಂದು ರೂಮು, ಅದಕ್ಕೆ ಸೇರಿದ ಬಾತ್‌ರೂಮು ಬಿಟ್ಟುಕೊಟ್ಟು, ಏನೂ ಕೇಳದೆ ಅಡುಗೆ ಮನೆಗೆ ಹೋದಳು. ಇಂಥ ಗೆಳತಿ ಎಲ್ಲರಿಗೂ ಸಿಗಲಿ.

ಆ ರಾತ್ರಿಗೆ ಏನೇನು ಬೇಕು ಅಂತ ಯಾರೂ ಹೇಳಿರಲ್ಲ, ಅದಕ್ಕೆ ಬರೆಯುತ್ತೇನೆ. ದೊಡ್ಡ ಸೈಜಿನ, ರಾತ್ರಿಗೆ ಹಾಕುವ ಪ್ಯಾಡ್ ಎರಡು ಪ್ಯಾಕ್. ಹಳೇ ಕಪ್ಪು ನೈಟಿ. ಹಾಸಿಗೆ ಮೇಲೆ ಹಾಸೋಕೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಳೇ ಪಂಚೆ. ಬಿಸಿನೀರಿನ ಬ್ಯಾಗ್. ಡಾಕ್ಟರ್ ಬರೆದುಕೊಟ್ಟ ನೋವಿನ ಮಾತ್ರೆ. ಅದನ್ನು ನೋವು ಶುರುವಾದ ಮೇಲೆ ಹುಡುಕೋದಲ್ಲ, ಅವರು ಹೇಳಿದ ಹೊತ್ತಿಗೆ ಮೊದಲೇ ತಗೊಂಡಿರಬೇಕು. ಕುಡಿಯೋಕೆ ಗಂಜಿ, ಓಆರ್‌ಎಸ್ ನೀರು. ಮಾಮೂಲಿ ಮುಟ್ಟಿಗಿಂತ ತುಂಬಾ ಜಾಸ್ತಿ ರಕ್ತ ಹೋಗುತ್ತೆ, ಗಡ್ಡೆಗಳು ಬರುತ್ತವೆ, ಹೊಟ್ಟೆ ಹಿಂಡುತ್ತೆ, ಚಳಿ ಬಂದು ನಡುಗಬಹುದು. ಇದೆಲ್ಲ ಮೊದಲೇ ಹೇಳಿದ್ದರಿಂದ ಸುಮಾ ಹೆದರಲಿಲ್ಲ. ಬಾತ್‌ರೂಮಿನ ಬಾಗಿಲು ಚಿಲಕ ಹಾಕಬೇಡ, ಸುಮ್ನೆ ಮುಂದಕ್ಕೆ ತಳ್ಳು ಅಂತ ಹೇಳಿದ್ದೆ. ತಲೆ ಸುತ್ತಿದರೆ ಬಾಗಿಲು ಒಡೆಯೋಕೆ ಆಗುತ್ತಾ? ನಾನು ಬಾಗಿಲ ಹೊರಗೆ ಮಣೆ ಹಾಕ್ಕೊಂಡು ಕೂತು ಪ್ಯಾಡ್ ಲೆಕ್ಕ ಬರೆಯುತ್ತಿದ್ದೆ. ನಡುವೆ ಒಮ್ಮೆ ಅವಳು ಒಳಗಿಂದ, "ಅಕ್ಕ, ನಾನು ನೋಡ್ಬೇಕಾ?" ಅಂತ ಕೇಳಿದಳು. ನಿನ್ನಿಷ್ಟ ಅಂದೆ. ನೋಡಿದಳು. ಆ ಬಗ್ಗೆ ಇಲ್ಲಿ ಬರೆಯೋದು ಬೇಡ ಅಂದಿದ್ದಾಳೆ.

ರಕ್ತದ ಗುಂಪು ನೆಗೆಟಿವ್ ಇರುವವರ ವಿಷಯ ಒಂದು ಇದೆ. ಹೊಟ್ಟೆಯಲ್ಲಿರುವುದು ಪಾಸಿಟಿವ್ ಆಗಿದ್ದು, ಅದರ ರಕ್ತ ತಾಯಿಯ ರಕ್ತಕ್ಕೆ ಸೇರಿದರೆ, ಮುಂದಿನ ಬಸುರಿನಲ್ಲಿ ತೊಂದರೆ ಆಗಬಹುದು. ಅದಕ್ಕೆ ಆಂಟಿ-ಡಿ ಇಂಜೆಕ್ಷನ್. ಕೊಡೋದಾದರೆ 72 ಗಂಟೆ ಒಳಗೆ ಕೊಡಬೇಕು. ಇಷ್ಟು ಬೇಗ ಹೋದ ಬಸುರಿಗೆ ಬೇಕೋ ಬೇಡವೋ ಅಂತ ಡಾಕ್ಟರುಗಳಲ್ಲೇ ಬೇರೆ ಬೇರೆ ಅಭಿಪ್ರಾಯ ಇದೆಯಂತೆ, ನಮ್ಮ ಡಾಕ್ಟರಮ್ಮ ಕೊಡೋಣ ಅಂದರು, ಕೊಟ್ಟರು. ನಾನು ಹೇಳೋದು ಇಷ್ಟೇ: ನೆಗೆಟಿವ್ ಇದ್ದರೆ ನೀವೇ ಬಾಯಿ ಬಿಟ್ಟು ಹೇಳಿ. ಕಾರ್ಡಿನಲ್ಲಿ ಇದೆ, ನೋಡ್ಕೊಳ್ತಾರೆ ಅಂತ ಸುಮ್ಮನಿರಬೇಡಿ.

ಆಮೇಲಿನದು ಊರಿನ ಬಾಯಿ. ನಮ್ಮ ಜಿಲ್ಲೆಯಲ್ಲಿ ಆಲೆಮನೆ ವಿಷಯ ಆದ ಮೇಲೆ, ಬಸುರು ಹೋಯಿತು ಅಂದರೆ ಸಾಕು, "ಹೆಣ್ಣು ಅಂತ ತೆಗೆಸಿದ್ರಂತೆ" ಅನ್ನುವವರು ಹುಟ್ಟಿಕೊಳ್ಳುತ್ತಾರೆ. ಇಷ್ಟು ಬೇಗ ಸ್ಕ್ಯಾನಿಂಗಿನಲ್ಲಿ ಹೆಣ್ಣೋ ಗಂಡೋ ಗೊತ್ತಾಗೋದೇ ಇಲ್ಲ ಅಂತ ಯಾರಿಗೆ ಹೇಳೋದು? ಹಾಲು ಹಾಕೋಕೆ ಬಂದ ಒಬ್ಬಾಕೆ ನನ್ನೆದುರಿಗೇ ಆ ಮಾತು ಎತ್ತಿದಳು. ನಾನು ಡೇರಿಯಲ್ಲೇ, ಎಲ್ಲರ ಎದುರಿಗೇ, "ಮೂರು ಸ್ಕ್ಯಾನಿಂಗ್ ರಿಪೋರ್ಟು ನನ್ನ ಹತ್ರ ಇದೆ, ತಂದು ಓದ್ಲಾ?" ಅಂದೆ. ಕ್ಯಾನಿನ ಮುಚ್ಚಳ ಹಾಕಿ ಹೋದಳು. ಸುಮಾ ತವರಿನವರು ಮಾತ್ರ ಇದನ್ನು ಕೇಳಿ ತುಂಬಾ ನೊಂದುಕೊಂಡರು.

ರಜೆಯದು ಇನ್ನೊಂದು ರಾಮಾಯಣ. ಗಾರ್ಮೆಂಟ್ಸಿನ ಸೂಪರ್‌ವೈಸರ್, "ಹೆರಿಗೆ ಆದ್ರೆ ರಜೆ, ಅಬಾರ್ಷನ್‌ಗೆಲ್ಲಾ ರಜೆ ಇಲ್ಲ" ಅಂದನಂತೆ. ಇದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಗರ್ಭಪಾತವಾದರೆ ಆರು ವಾರ ಸಂಬಳ ಸಹಿತ ರಜೆ ಅಂತ ಬರೆದಿತ್ತು, 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಇದೆ. ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಇರುವವರಿಗೆ ಆ ದುಡ್ಡು ಇಎಸ್‌ಐ ಕಡೆಯಿಂದ ಬರುತ್ತೆ, ಅದೂ ಆರು ವಾರದ್ದು, ಪೂರ್ತಿ ಕೂಲಿ ಲೆಕ್ಕದಲ್ಲಿ. ಅದಕ್ಕೆ ಹಿಂದಿನ ಎರಡು ವಂತಿಗೆ ಅವಧಿಯಲ್ಲಿ (ಒಂದೊಂದು ಆರು ತಿಂಗಳದ್ದು) ಎಪ್ಪತ್ತು ದಿನದ ವಂತಿಗೆ ಕಟ್ಟಿರಬೇಕು. ಸುಮಾಗೆ ಅದಕ್ಕಿಂತ ಜಾಸ್ತಿಯೇ ಇತ್ತು. ಸರ್ಟಿಫಿಕೇಟಿನಲ್ಲಿ ಸುಮ್ನೆ "ಹುಷಾರಿಲ್ಲ, ವಿಶ್ರಾಂತಿ ಬೇಕು" ಅಂತ ಬರೆಸಿಕೊಂಡರೆ ಸಾಮಾನ್ಯ ಕಾಯಿಲೆ ಲೆಕ್ಕಕ್ಕೆ ಹೋಗುತ್ತೆ, ದುಡ್ಡು ಕಮ್ಮಿ ಬರುತ್ತೆ. ಗರ್ಭಪಾತ ಅಂತ, ತಾರೀಕು ಸಮೇತ, ಎಷ್ಟು ವಾರದ ಬಸುರು ಅಂತ ಬರೆದಿರಬೇಕು. ನಾಚಿಕೆಗೆ ಆ ಪದ ಬಿಡಿಸಿದವರು ಎಷ್ಟು ಜನ ಇದ್ದಾರೋ. ಕವರಿನಲ್ಲಿದ್ದ ಎಲ್ಲಾ ಕಾಗದ ಹಿಡ್ಕೊಂಡು ಇಎಸ್‌ಐ ಡಿಸ್ಪೆನ್ಸರಿಗೆ ಹೋದೆವು. ಸ್ವಲ್ಪ ಓಡಾಡಿಸಿದರು, ದುಡ್ಡು ಅಕೌಂಟಿಗೆ ಬಂತು.

ಮನೆಗೆ ಬಂದ ಮೇಲೆ ಸುಮಾ ಕೆಲವು ದಿನ ಅಳುತ್ತಿದ್ದಳು, ಕೆಲವು ದಿನ ಸೀರಿಯಲ್ ನೋಡಿ ನಗುತ್ತಿದ್ದಳು. ನಗುವಾಗ ಅಮ್ಮನಿಗೆ ಆಶ್ಚರ್ಯ, ಅಳುವಾಗ ನನ್ನ ತಮ್ಮನಿಗೆ ಗಾಬರಿ. "ಇನ್ನೊಂದು ಆಗುತ್ತೆ ಬಿಡು" ಅಂತ ಮಾತ್ರ ಯಾರೂ ಹೇಳಬಾರದು ಅಂತ ನಾನು ಮೊದಲೇ ತಾಕೀತು ಮಾಡಿದ್ದೆ. ಮೂರು ವಾರದ ಮೇಲೆ ಪರೀಕ್ಷೆಗೆ ಹೋದಾಗ ಎಲ್ಲಾ ಸರಿ ಇತ್ತು. ಒಂದು ಸಲ ಹೋದರೆ ದೊಡ್ಡ ದೊಡ್ಡ ಟೆಸ್ಟ್ ಬೇಕಾಗಿಲ್ಲ, ಮತ್ತೆ ಮತ್ತೆ ಆದರೆ ಕಾರಣ ಹುಡುಕೋಣ, ಮುಂದೆ ಬಸುರಿ ಆಗಬೇಕು ಅನ್ನಿಸಿದಾಗ ಮೊದಲೇ ಫೋಲಿಕ್ ಆಸಿಡ್ ಶುರು ಮಾಡು, ಅಂದರು.

ಒಂದು ಸಣ್ಣ ಕೆಲಸ ಉಳಿದಿತ್ತು. ತಾಯಿ ಕಾರ್ಡ್ ಆದಾಗ ಅವಳ ಹೆಸರು, ಹೆರಿಗೆಯ ಅಂದಾಜು ತಾರೀಕು ಎಲ್ಲಾ ಕಂಪ್ಯೂಟರಿಗೆ ಹೋಗಿರುತ್ತೆ. ನಾವು ಹೇಳದಿದ್ದರೆ ಅಲ್ಲಿ ಅವಳು ಬಸುರಿಯಾಗಿಯೇ ಇರುತ್ತಾಳೆ, ಇಂಜೆಕ್ಷನ್‌ಗೆ ಬನ್ನಿ, ಚೆಕಪ್‌ಗೆ ಬನ್ನಿ ಅಂತ ಫೋನ್ ಬರುತ್ತಲೇ ಇರುತ್ತೆ. ಒಂದು ಫೋನ್ ಬಂದೂ ಬಂತು, ಎತ್ತಿದ್ದು ಸುಮಾನೇ. ಮಾರನೇ ದಿನ ಸಬ್‌ಸೆಂಟರಿಗೆ ಹೋಗಿ ಎಎನ್‌ಎಂ ಸಿಸ್ಟರ್ ಎದುರು ಕೂತು ಅದನ್ನು ತಿದ್ದಿಸಿ ಬಂದೆ.